ಗಂಗವ್ವನ ಗುಲಾಬಿ ಬಟ್ಟಲು

ಹಂಚಿನಹೊಳಿ ತಾಲ್ಲೂಕಿನ ನಕ್ಷೆ ಅವತ್ತು ಸಂಜೆ ಗುಲಾಬಿ ತೋಟದಂತೆ ಅರಳಿ ನಿಂತಿತ್ತು. ನಿಯಂತ್ರಣ ಕೊಠಡಿಯ ಗೋಡೆ ತುಂಬಿದ ಪರದೆಯ ಮೇಲೆ ಒಂದೊಂದು ಅಡುಗೆಮನೆಗೆ ಒಂದೊಂದು ಚುಕ್ಕೆ. ಎಲ್ಲವೂ ಗುಲಾಬಿ. ನೀಲಿ ಎಂಬುದು ಹುಡುಕಿದರೂ ಇಲ್ಲ.

"ಮ್ಯಾಡಮ್, ಪೇಡೆ ತರಿಸ್ಲೇನು?" ಎಂದಳು ರಝಿಯಾ. ಪರದೆ ಕಾಯುವುದು ಅವಳ ಕೆಲಸ, ಸಿಹಿ ತಿನ್ನಲು ನೆಪ ಹುಡುಕುವುದು ಅವಳ ಹವ್ಯಾಸ.

"ಶುಕ್ರವಾರ ಕಮಿಟಿ ಬಂದು ಹೋಗ್ಲಿ ತಡಿ. ಆಮ್ಯಾಲ ನಿನ್ನ ಪೇಡೆದಾಗ ಮುಳುಗಸ್ತೀನಿ," ಎಂದಳು ನೀಲಾಂಬಿಕಾ, ಚೀಲಕ್ಕೆ ಊಟದ ಡಬ್ಬಿ ತುರುಕುತ್ತ. ಮಗಳು ತುಂಗಾಳ ಶಾಲೆಯ ಕಾಲುಚೀಲ ಒಂದು ಬೆಳಗಿನಿಂದ ಕಾಣೆಯಾಗಿತ್ತು. ತಾಲ್ಲೂಕೆಲ್ಲ ಶುದ್ಧವಾದ ದಿನವೂ ಅವಳ ತಲೆಯಲ್ಲಿ ಓಡುತ್ತಿದ್ದುದು ಆ ಕಾಲುಚೀಲವೇ.

ಈ ಗುಲಾಬಿಯ ಹಿಂದೆ ಇದ್ದುದು ಹೆಸರುಕಾಳಿಗಿಂತ ತುಸು ದೊಡ್ಡ ಒಂದು ಬಿಲ್ಲೆ. ಅದನ್ನು ಮಾಡಿದವಳು ನೀಲಾಂಬಿಕಾ. ಬಿಲ್ಲೆಯೊಳಗೆ ಮೂರೇ ಸಾಮಾನು: ಹಾಲಿನ ಸಕ್ಕರೆ, ಒಣಗಿಸಿದ ಶಂಖಪುಷ್ಪದ ನೀಲಿ ಬಣ್ಣ, ಮತ್ತೆ ನಿದ್ದೆಹೋದ ಒಂದು ಜಾತಿಯ ಬ್ಯಾಕ್ಟೀರಿಯಾ, ಮೊಸರು ಮಾಡುವ ಬ್ಯಾಕ್ಟೀರಿಯಾದ ದಾಯಾದಿ. ಉಗುರುಬೆಚ್ಚಗಿನ ಹಾಲಿಗೋ ನೀರಿಗೋ ಬಿಲ್ಲೆ ಹಾಕಿ ಒಲೆಯ ಪಕ್ಕ ಇಟ್ಟರೆ ಅದು ಎಚ್ಚೆತ್ತು ಸಕ್ಕರೆ ತಿಂದು ಹುಳಿ ಬಿಡುತ್ತದೆ. ಹುಳಿ ತಾಗಿದ ಶಂಖಪುಷ್ಪದ ನೀಲಿ ಗುಲಾಬಿಯಾಗುತ್ತದೆ. ಆದರೆ ಹಾಲಿನಲ್ಲಿ, ನೀರಿನಲ್ಲಿ ಆ್ಯಂಟಿಬಯಾಟಿಕ್ ಮದ್ದಿನ ಅಂಶ ಇದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಬಟ್ಟಲು ನೀಲಿಯಾಗೇ ಉಳಿಯುತ್ತದೆ. ಗುಲಾಬಿ ಬಂದರೆ ಕ್ಷೇಮ, ನೀಲಿ ಉಳಿದರೆ ಎಚ್ಚರ. ಬಟ್ಟಲಿನ ಚಿತ್ರ ತೆಗೆದು ಫೋನಿನಿಂದ ಕಳಿಸಿದರೆ ನಕ್ಷೆಯ ಮೇಲೆ ಆ ಮನೆಯ ಚುಕ್ಕೆ ಹತ್ತುತ್ತದೆ. ಬೆಂಕಿಪೊಟ್ಟಣಕ್ಕಿಂತ ಅಗ್ಗದ ಪರೀಕ್ಷೆ.

ಆ ಬ್ಯಾಕ್ಟೀರಿಯಾಕ್ಕೆ ಲ್ಯಾಟಿನ್ನಿನಲ್ಲಿ ಒಂದು ಮಾರುದ್ದದ ಹೆಸರಿತ್ತು. ರಝಿಯಾ ಮಾತ್ರ ಅದನ್ನು "ಹೊಸ ಸೊಸಿ" ಎನ್ನುತ್ತಿದ್ದಳು. ಮದ್ದಿನ ಒಂದು ಕಣ ಸೋಕಿದರೂ ಸಾಕು, ಮುಖ ಊದಿಸಿಕೊಂಡು ಮುಸುಕೆಳೆದು ಮಲಗಿಬಿಡುವ ಸ್ವಭಾವ ಅದರದು. ನೀಲಾಂಬಿಕಾ ನೂರಾರು ತಳಿ ಜಾಲಾಡಿ ಇಷ್ಟು ಮುನಿಸಿಕೊಳ್ಳುವ ಒಂದನ್ನು ಆರಿಸಿದ್ದಳು.

ಅದಕ್ಕೆ ಕಾರಣ ಅವಳ ಅತ್ತೆ ಗಂಗವ್ವನ ಕಾಲು. ಮೂರು ವರ್ಷದ ಹಿಂದೆ ಗಂಗವ್ವನ ಹಿಮ್ಮಡಿಗೆ ಒಂದು ಮುಳ್ಳು ಚುಚ್ಚಿ ಕೀವಾಯಿತು. ಒಂದು ಮದ್ದು ನಾಟಲಿಲ್ಲ, ಇನ್ನೊಂದು ನಾಟಲಿಲ್ಲ. ಕೊನೆಗೆ ಡಾಕ್ಟರು ಕಾಲನ್ನೇ ತೆಗೆಯುವ ಮಾತಾಡಿದರು. ಯಾವುದೋ ಕೊನೆಯ ಮದ್ದು ಹಿಡಿದು ಕಾಲು ಉಳಿಯಿತು. "ಹಾಲಿನಲ್ಲಿ, ನೀರಿನಲ್ಲಿ ದಿನವೂ ಚೂರುಚೂರು ಮದ್ದು ಬೆರೆತು ಹೋಗುತ್ತಿದ್ದರೆ ರೋಗದ ಕ್ರಿಮಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಆಮೇಲೆ ಬೇಕಾದಾಗ ಮದ್ದು ಕೆಲಸ ಮಾಡುವುದಿಲ್ಲ," ಎಂದಿದ್ದರು ಡಾಕ್ಟರು. ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೇ ನೀಲಾಂಬಿಕಾಳಿಗೆ ಬಿಲ್ಲೆ ಹೊಳೆದದ್ದು.

ಶುಕ್ರವಾರ ಬೆಂಗಳೂರಿನಿಂದ ಕಮಿಟಿ ಬರುವುದಿತ್ತು. ಒಪ್ಪಿದರೆ ಬಿಲ್ಲೆ ರಾಜ್ಯದ ಎಲ್ಲ ಅಡುಗೆಮನೆಗೆ. ಒಪ್ಪದಿದ್ದರೆ ನಿಯಂತ್ರಣ ಕೊಠಡಿಗೆ ಬೀಗ.

ಮನೆಗೆ ಬಂದಾಗ ಪಕ್ಕದ ಮನೆಯ ಶಿವಲೀಲಾ ಕಟ್ಟೆಯ ಮೇಲೆ ತಂಬಿಗೆ ಹಿಡಿದು ಕಾಯುತ್ತಿದ್ದಳು. ಅವಳ ಎಮ್ಮೆ ಚಂದ್ರಿಗೆ ಕೆಚ್ಚಲು ಬಾತು, ಅವತ್ತು ಮುಂಜಾನೆ ಡಾಕ್ಟರು ಸೂಜಿ ಚುಚ್ಚಿದ್ದರು. ಅಂಥ ಹಾಲನ್ನು ಕೆಲವು ದಿನ ಯಾರೂ ಕುಡಿಯಬಾರದು, ಚೆಲ್ಲಬೇಕು. ಕಮಿಟಿಯವರ ಎದುರು ಬಟ್ಟಲು ನೀಲಿ ಉಳಿಯುವುದನ್ನು ತೋರಿಸಲು ನೀಲಾಂಬಿಕಾಳಿಗೆ ಬೇಕಿದ್ದುದು ಅಂಥ ಹಾಲೇ.

"ಲಗೂನ ತೊಗೊಳ್ಳವಾ. ದೀಪ ಹಚ್ಚಿದ ಮ್ಯಾಲ ಹಾಲು ಹೊರಗ ಹಾಕಿದ್ನೆಂದ್ರ ನಿಮ್ಮತ್ತಿನ ನನ್ನ ಹರಕೊಂಡು ತಿಂತಾಳ," ಎಂದಳು ಶಿವಲೀಲಾ.

"ತಿನ್ನೂದಿಲ್ಲವಾ, ಹಲ್ಲಿಲ್ಲ ನಂಗ," ಒಳಗಿನಿಂದ ಗಂಗವ್ವನ ದನಿ ಬಂತು. "ಆದ್ರ ಹಾಲು, ಹೆಪ್ಪು, ದೀಪ ಹಚ್ಚಿದ ಮ್ಯಾಲ ಹೊಸ್ತಿಲಾ ದಾಟೂದಿಲ್ಲ, ತಿಳೀತಿಲ್ಲೋ? ಲಕ್ಷ್ಮಿ ಹೋಗ್ತಾಳ."

ನೀಲಾಂಬಿಕಾ ತಂಬಿಗೆಯನ್ನು ಅತ್ತೆಯ ಕೈಗಿತ್ತು, "ಇದಕ್ಕೊಂದು ಬಟ್ಟಲು ಇಡ್ರಿ ಅತ್ತಿ, ನೀಲಿ ಎಷ್ಟು ಚಂದ ಉಳೀತದ ನೋಡೂಣು," ಎಂದು ಕಾಲುಚೀಲ ಹುಡುಕಲು ಹೋದಳು. ಹಾಸಿಗೆಯ ಕೆಳಗೆ ಸಿಗಲಿಲ್ಲ. ಮಗಳ ಚೀಲದಲ್ಲಿ ಸಿಗಲಿಲ್ಲ. ಕಡೆಗೆ ಅದು ಸಿಕ್ಕಿದ್ದು ತುಂಗಾಳ ಗೊಂಬೆಯ ಮೈಮೇಲೆ, ಅಂಗಿಯಾಗಿ. ಅದನ್ನು ಬಿಚ್ಚಿಸಲು ಮಗಳೊಡನೆ ಒಂದು ಸಂಧಾನ, ರೊಟ್ಟಿ, ಪಾಠ, ಮತ್ತೆ ಒಂದು ಸಂಧಾನ. ಅಷ್ಟೆಲ್ಲ ಮುಗಿಸಿ ಅವಳು ಒಲೆಯ ಬಳಿ ಬಂದು ನೋಡಿದಳು.

ಬಟ್ಟಲು ಗುಲಾಬಿಯಾಗಿತ್ತು. ತುಂಬು ಗುಲಾಬಿ. ಮದುವೆಯ ರುಮಾಲಿನಂಥ ಗುಲಾಬಿ.

"ಅತ್ತಿ, ಯಾವ ಹಾಲು ಹಾಕಿದ್ರಿ?"

"ಚಂದ್ರೀದು. ನೀ ಕೊಟ್ಟಿದ್ದ."

"ಅದು ಹೆಂಗ ಆಗ್ತದ? ಮುಂಜಾನೆ ಸೂಜಿ ಹಾಕ್ಯಾರ!"

ಚೀಲದಲ್ಲಿದ್ದ ಲ್ಯಾಬಿನ ಹೊಸ ಬಿಲ್ಲೆಯೊಂದನ್ನು ತೆಗೆದು ಇನ್ನೊಂದು ಬಟ್ಟಲಿಗೆ ಹಾಕಿ ಅದೇ ಹಾಲು ಸುರಿದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾದಳು. ಮಲಗಿದ ಮಗಳಿಗೆ ಹೊದಿಕೆ ಹೊದಿಸಿ ಬಂದಳು, ಮತ್ತೆ ಕಾದಳು. ಹೊಸ ಬಿಲ್ಲೆಯ ಬಟ್ಟಲು ನೀಲಿಯಾಗಿತ್ತು, ನೀಲಿಯಾಗೇ ಉಳಿಯಿತು.

"ಅತ್ತಿ, ನೀವು ಬಿಲ್ಲೆ ಯಾವುದು ಹಾಕಿದ್ರಿ?"

ಗಂಗವ್ವ ತುಸು ಸಂಕೋಚದಿಂದ, ತುಸು ಹೆಮ್ಮೆಯಿಂದ ನಕ್ಕಳು. "ಬಿಲ್ಲಿ ಎಲ್ಲಿದವಾ? ದಿನಾ ಒಂದು ಬಿಲ್ಲಿ ಯಾಕ ಹಾಳು ಮಾಡೂದು? ನಿನ್ನಿ ಬಟ್ಟಲದಿಂದ ಒಂದು ಚಮಚೆ ಎತ್ತಿಡ್ತೀನಿ, ಹಿತ್ತಲದಾಗಿನ ಶಂಖಪುಷ್ಪ ಎರಡು ಹೂ ಕಿವಿಚಿ ಹಾಕ್ತೀನಿ. ಹೆಪ್ಪು ಇದ್ದಂಗಲ್ಲೇನು? ನೋಡಿಲ್ಲಿ." ಕಪಾಟಿನಿಂದ ಬಿಸ್ಕಿಟಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಂದೂವರೆ ವರ್ಷದಿಂದ ಸರಕಾರ ಕೊಟ್ಟ ಬಿಲ್ಲೆಗಳೆಲ್ಲ ಮುತ್ತಿನಂತೆ ತುಂಬಿ ಕೂತಿದ್ದವು. "ನಿನಗ ಉಳಿಸಿಟ್ಟೇನಿ."

ನೀಲಾಂಬಿಕಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಓಣ್ಯಾಗ ಬ್ಯಾರೆಯವ್ರೂ ಹಿಂಗ ಮಾಡ್ತಾರೇನು?"

"ಎಲ್ಲಾರೂ ಹಿಂಗ. ಯಾರಿಗರೆ ಒಮ್ಮೆ ನೀಲಿ ಉಳೀತಂದ್ರ, ಅಯ್ಯ ಹೆಪ್ಪು ಕೆಟ್ಟೇತಿ ಅಂತ, ಚೊಲೋ ಬರೂ ಮನಿಯಿಂದ ಒಂದು ಚಮಚೆ ತರ್ತಾರ. ನಮ್ಮ ಹೆಪ್ಪಂತೂ ಹುಲಿ! ಯಾವ ಹಾಲಿಗಿ ಹಾಕು, ಗುಲಾಬಿ. ತಾಲೂಕಿಗೆಲ್ಲಾ ನಮ್ಮ ಮನೀದ ಹೋಗೇತಿ."

ಈಗ ನೀಲಾಂಬಿಕಾಳಿಗೆ ಎಲ್ಲ ತಿಳಿಯಿತು. ಹಾಲಿನಲ್ಲಿ ಮದ್ದಿದ್ದ ದಿನ ಬಟ್ಟಲಿನ ಬ್ಯಾಕ್ಟೀರಿಯಾ ಬಹುಪಾಲು ಸತ್ತಿತ್ತು, ಗಟ್ಟಿ ಜೀವದ ನಾಲ್ಕು ಉಳಿದಿದ್ದವು. ಮರುದಿನದ ಚಮಚದಲ್ಲಿ ಬಂದದ್ದು ಆ ನಾಲ್ಕರ ಸಂತಾನ. ಮುನಿಸಿಕೊಂಡ ಬಟ್ಟಲುಗಳನ್ನು ಕೆಟ್ಟವೆಂದು ಚೆಲ್ಲಿದರು, ಮುನಿಯದ ಬಟ್ಟಲನ್ನು ಓಣಿಗೆಲ್ಲ ಹಂಚಿದರು. ನಿಜ ಹೇಳುತ್ತಿದ್ದ ಬ್ಯಾಕ್ಟೀರಿಯಾವನ್ನು ಮನೆಯಿಂದಾಚೆ ಹಾಕಿ, ಮದ್ದಿಗೆ ಒಗ್ಗಿಹೋದದ್ದನ್ನು ಸಾಕಿ ಬೆಳೆಸಿದ್ದರು. ಗೋಡೆಯ ಮೇಲಿನ ಆ ಗುಲಾಬಿ ತೋಟವೆಲ್ಲ ಸುಳ್ಳು.

"ಹೊಸ ಸೊಸಿ ಹಳೇ ಸೊಸಿ ಆಗ್ಯಾಳ," ಎಂದಳು ಅವಳು ಸಣ್ಣಗೆ. ಮರುದಿನ ನೆರೆಮನೆಯವರಿಗೂ ತಿಳಿಯಬೇಕಾದ ವಿಷಯವಾದ್ದರಿಂದ ಅತ್ತೆಗೆ ಬಿಡಿಸಿ ಹೇಳಿದಳು.

ಗಂಗವ್ವ ಬಟ್ಟಲನ್ನೇ ನೋಡುತ್ತ ಕೂತಳು. ಆಮೇಲೆ, "ಖರೇ ಐತಿ," ಎಂದಳು. "ನಾ ಈ ಮನಿಗಿ ಬಂದಾಗ ಅತ್ತಿ ಒಂದು ಮಾತಂದ್ರ ಎರಡು ದಿನಾ ಉಣ್ತಿದ್ದಿಲ್ಲ. ಬರಬರತ ಯಾರು ಏನಂದ್ರೂ ಕಿವಿಗಿ ಹೋಗೂದ ಬಿಡ್ತು. ಪಾಪ, ಅದೂ ನನ್ಹಂಗ ಆತು." ಕಾಲನ್ನು ಮೆಲ್ಲಗೆ ಮುಂದೆ ಚಾಚಿ ಹಿಮ್ಮಡಿಯ ಕಲೆಯನ್ನು ಸವರಿಕೊಂಡಳು. "ಹಂಗಾರ ಈ ಕಾಲಿಗಿ ಬಂದ ಗತಿ ಮತ್ಯಾರಿಗರೆ ಬರಬಹುದೇನು, ನಮ್ಮ ಗುಲಾಬಿ ನಂಬಿಕೊಂಡ್ರ?"

"ಬರಬಹುದು ಅತ್ತಿ."

"ಮತ್ತ ಸುಮ್ನ ಯಾಕ ಕುಂತೀ?"

ಬುಧವಾರ ಬೆಳಿಗ್ಗೆ ನಿಯಂತ್ರಣ ಕೊಠಡಿಯ ಮುಖ್ಯಸ್ಥ ಇನಾಮದಾರರು ಸುದ್ದಿ ಕೇಳಿ ಕುರ್ಚಿಯಲ್ಲಿ ಜಾರಿದರು. "ನೀಲಾಂಬಿಕಾ ಬಾಯಾರ, ಶುಕ್ರವಾರ ಒಂದು ಸರಳ ಮುಗೀಲಿ. ಸಹಿ ಬೀಳಲಿ. ಆಮ್ಯಾಲ ಸಪ್ಪಳಿಲ್ದ ಸರಿ ಮಾಡೂಣು. ಬಿಲ್ಲಿಗೆ ಒಂಚೂರು ಕಹಿ ರಾಸಾಯನಿಕ ಹಾಕಿಬಿಟ್ರ ಎತ್ತಿಟ್ಟ ಹೆಪ್ಪು ಎರಡನೇ ಸಲ ಬೆಳಿಯೂದ ಇಲ್ಲ."

"ಅಲ್ಲೀತನಕ ನಕ್ಷೆ ಸುಳ್ಳು ಹೇಳ್ತಿರ್ತದಲ್ರಿ ಸರ್."

"ಖರೇ ಹೇಳಿದ್ರ ಬಿಲ್ಲೀನ ಇರೂದಿಲ್ಲ! ಒಂದೂವರಿ ವರ್ಷ ಸುಳ್ಳು ತೋರಿಸಿದ ಬಿಲ್ಲಿಗೆ ಯಾರು ಸಹಿ ಹಾಕ್ತಾರ?"

ಅವರ ಮಾತಿನಲ್ಲಿ ತಪ್ಪೇನಿರಲಿಲ್ಲ. ಹೇಳಿದರೆ ಬಿಲ್ಲೆ ಸಾಯುತ್ತದೆ. ಹೇಳದಿದ್ದರೆ ಸುಳ್ಳು ಹೇಳುವ ಬಿಲ್ಲೆ ಊರೂರಿಗೆ ಹೋಗುತ್ತದೆ.

"ಎರಡು ದಿನ ಕೊಡ್ರಿ ಸರ್. ಹೇಳೂದಂತೂ ಹೇಳ್ತೀನಿ. ಬರೇ ತಪ್ಪಾತು ಅಂತ ಹೇಳೂಕಿಂತ, ಈ ಹೆಪ್ಪು ಇಷ್ಟು ಗಟ್ಟಿ ಎಲ್ಲಿ ಆತು ಅಂತ ಹುಡುಕಿ ಹೇಳ್ತೀನಿ. ಒಂದೆರಡು ಸೂಜಿ ಹಾಲಿಗೆ ಇಷ್ಟು ಮೊಂಡು ಆಗೂದಿಲ್ಲ ಅದು. ಎಲ್ಲೋ ಒಂದು ಕಡೆ ದಿನಾ ಮದ್ದು ಕುಡದು ಬೆಳದದ."

ಹುಡುಕುವುದು ಹೇಗೆ? ಬ್ಯಾಕ್ಟೀರಿಯಾದ ವಂಶಾವಳಿ ತೆಗೆಯುವ ಯಂತ್ರ ಹಂಚಿನಹೊಳಿಯಲ್ಲಿ ಇರಲಿಲ್ಲ. ಗಂಗವ್ವ ಇದ್ದಳು.

ಮಧ್ಯಾಹ್ನ ಅವಳು ಹಸಿರು ಇಳಕಲ್ ಸೀರೆ ಉಟ್ಟು ನಿಯಂತ್ರಣ ಕೊಠಡಿಗೆ ಬಂದಳು. ಪರದೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತು, "ಯಾರ ಮನೀಗೆ ಯಾರ ಹೆಪ್ಪು ಅಂತ ಕೇಳ್ತೀರೇನು? ಬರಕೊಳ್ಳವಾ," ಎಂದು ರಝಿಯಾಳಿಗೆ ಹೇಳತೊಡಗಿದಳು. "ಬಡಿಗ್ಯಾರ ಮಹಾದೇವಿಗಿ ನಾ ಕೊಟ್ಟೆ. ಆಕಿ ತನ್ನ ನೆಗೆಣ್ಣಿಗಿ ಕೊಟ್ಳು. ಕುಂಬಾರೋಣಿಗಿ ಹೋಗಿದ್ದು ಮಹಾದೇವಿಯಿಂದ. ಸಂತಿಗಿ ಬಂದ ಬಳಿಗಾರ್ತಿ ನಮ್ಮ ಕಟ್ಟಿ ಮ್ಯಾಲ ಕುಂತು ಡಬ್ಬಿ ತುಂಬಕೊಂಡು ಹ್ವಾದ್ಳು, ಆ ಕಡಿ ಊರಿಗೆಲ್ಲಾ ಆಕೀದು."

ರಝಿಯಾ ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದಳು. ಸಂಶಯ ಬಂದ ಮನೆಗೆ ಫೋನು ಹಚ್ಚಿ ಕೇಳಿದಳು. ಪ್ರತಿ ಮನೆಯ ಹೆಣ್ಣುಮಗಳಿಗೂ ತನ್ನ ಹೆಪ್ಪು ಯಾರದು ಎಂಬುದು ಗೊತ್ತಿತ್ತು, ಜೊತೆಗೆ ಕೊಟ್ಟವರ ಮನೆಯ ನಾಲ್ಕು ಸುದ್ದಿಯೂ. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಬಳ್ಳಿಯೊಂದು ಹಬ್ಬಿತ್ತು. ಅದರ ಬೇರು ಗಂಗವ್ವನ ಮನೆಯಲ್ಲಿ.

"ನಿಮಗ ಯಾರು ಕೊಟ್ರು ಅತ್ತಿ?"

"ನಮ್ಮದು ಒಮ್ಮೆ ನೀಲಿ ಉಳೀತು. ಶಿವಲೀಲಾ ಕೊಟ್ಳು."

"ಶಿವಲೀಲಾಗ?"

"ತವರಿಂದ ತಂದಿದ್ಳು. ಬೆಣಚಿಹಟ್ಟಿ. ಅಲ್ಲಿ ಹೆಪ್ಪು ಭಾಳ ಜೋರು ಅಂತ ಹೊಗಳಿದ್ದ ಹೊಗಳಿದ್ದು."

ಗುರುವಾರ ನೀಲಾಂಬಿಕಾ, ರಝಿಯಾ, ಬೇಡವೆಂದರೂ ಜೀಪು ಹತ್ತಿದ ಗಂಗವ್ವ, ಮೂವರೂ ಬೆಣಚಿಹಟ್ಟಿಗೆ ಹೋದರು. ಮನೆಮನೆಯ ಹಾಲಿಗೆ ಹೊಸ ಬಿಲ್ಲೆ ಹಾಕಿದರು. ಎಲ್ಲ ನೀಲಿ. ಎಮ್ಮೆಗಳಿಗೆ ಸೂಜಿ ಹಾಕಿಸಿದ್ದೀರಾ ಎಂದರೆ ಯಾರೂ ಹಾಕಿಸಿಲ್ಲ. ದನ ಕುಡಿಯುವ ತೊಟ್ಟಿಯ ನೀರಿಗೆ ಬಿಲ್ಲೆ ಹಾಕಿದರು. ಕಡುನೀಲಿ, ಬಿಳಿ ಬಟ್ಟೆಗೆ ಹಾಕುವ ನೀಲಿಯಂತೆ.

"ತೊಟ್ಟಿಗೆ ನೀರು ಎಲ್ಲಿಂದ?"

"ಹಾಳಬಾವಿಯಿಂದ್ರಿ," ಎಂದ ಊರಿನ ನಿವೃತ್ತ ಕಂಪೌಂಡರ್ ಬಸಲಿಂಗಪ್ಪ. ಬಿಳಿ ಧೋತರ, ಹಣೆಯ ಮೇಲೆ ಮೂರು ಗೆರೆ ವಿಭೂತಿ. "ಹ್ವಾದ ಮಳಿಗಾಲದಾಗ ನೀರು ಬಂತು. ಮನಷ್ಯಾರು ಕುಡಿಯೂದಿಲ್ಲ, ದನಕ್ಕರ ಆದೀತು ಅಂತ ಪಂಚಾಯ್ತಿಯವ್ರು ಮೋಟರ್ ಕೂಡ್ಸ್ಯಾರ." ಹೇಳುತ್ತ ಹೇಳುತ್ತ ಅವನ ಮುಖ ನಿಧಾನಕ್ಕೆ ಇಳಿಯಿತು. "ಅಯ್ಯಯ್ಯೋ ಶಿವನ."

"ಏನಾತ್ರಿ?"

ಬಸಲಿಂಗಪ್ಪ ಗುಡಿಯ ಗೋಡೆಯತ್ತ ಕೈ ಮಾಡಿದ. ಅಲ್ಲೊಂದು ಡಬ್ಬಿ ನೇತುಬಿದ್ದಿತ್ತು, ಮೇಲೊಂದು ಚೀಟಿ: 'ಮನೆಯಲ್ಲಿ ಉಳಿದ ಮಾತ್ರೆಗಳನ್ನು ಇಲ್ಲಿ ಹಾಕಿ. ಮಕ್ಕಳ ಕೈಗೆ ಸಿಗದಂತೆ ವಿಲೇವಾರಿ ಮಾಡಿ.' ತಾಲ್ಲೂಕಿನ ಎಲ್ಲ ಊರಿಗೂ ಕಳಿಸಿದ್ದ ಚೀಟಿ. ಬರೆದವಳು ನೀಲಾಂಬಿಕಾ. ಬೇರೆ ಊರುಗಳ ಡಬ್ಬಿಗಳನ್ನು ನರ್ಸುಗಳು ಬಂದು ಒಯ್ಯುತ್ತಿದ್ದರು. ಬೆಣಚಿಹಟ್ಟಿಗೆ ನರ್ಸಿನ ಹುದ್ದೆ ಖಾಲಿ ಇತ್ತು.

"ಡಬ್ಬಿ ತುಂಬಿ ಚೆಲ್ಲಾಕತ್ತಿತ್ರಿ. ಕಸದಾಗ ಒಗದ್ರ ಮಕ್ಕಳು ಆರಿಸಿ ತಿಂದಾವು. ಮತ್ತ ಔಷಧ ಅಂದ್ರ ಜೀವಾ ಉಳಿಸೂದು, ಅದನ್ನ ತುಳದಾಡಬಾರದು ನೋಡ್ರಿ. ಹರಕ ದೇವರ ಪಟ ನೀರಿಗೆ ಬಿಡ್ತೀವಲ್ಲ, ಹಂಗ... ಹಾಳಬಾವಿಗೆ ಬಿಟ್ಟೇನ್ರಿ. ತಿಂಗಳಾ ಒಮ್ಮೆ. ಊದಿನಕಡ್ಡಿ ಹಚ್ಚಿ, ಕೈ ಮುಗದು."

ಮೊದಲು ಗಂಗವ್ವನ ಹೆಗಲು ಕುಲುಕಿತು. ಆಮೇಲೆ ರಝಿಯಾ ಸೆರಗು ಬಾಯಿಗೆ ಒತ್ತಿಕೊಂಡಳು. ನೀಲಾಂಬಿಕಾ ತಡೆಯಲಾರದೆ ಬಾವಿಯ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ನಗಬ್ಯಾಡ್ರಿ ಬಾಯಾರ, ನನಗ ಜೈಲು ಆಕ್ಕೈತೇನು?"

"ಆದ್ರ ನನಗೂ ಆಗ್ಬೇಕು ಕಾಕಾ. ವಿಲೇವಾರಿ ಮಾಡ್ರಿ ಅಂತ ಬರದೆ. ಎಲ್ಲಿ ಅಂತ ಬರೀಲಿಲ್ಲ."

ಅವತ್ತೇ ಮೋಟಾರು ನಿಂತಿತು. ದನಗಳಿಗೆ ಕೊಳವೆಯ ನೀರು ಬಂತು. ಬಾವಿಯ ಹೂಳು ತೆಗೆಯುವ ತಂಡಕ್ಕೆ ಬಸಲಿಂಗಪ್ಪನೇ ಮೇಸ್ತ್ರಿಯಾದ. ಬೆಣಚಿಹಟ್ಟಿಯ ಹೆಂಗಸರು ತಮ್ಮ ಹುಲಿ ಹೆಪ್ಪುಗಳನ್ನೆಲ್ಲ ಒಂದು ಹಂಡೆಗೆ ಸುರಿದು ಕುದಿಸಿದರು. ಲ್ಯಾಬಿಗೆಂದು ಒಂದೊಂದು ಹನಿ ಮಾತ್ರ ಮುಚ್ಚಿದ ಸೀಸೆಯಲ್ಲಿ ಉಳಿಯಿತು.

ಶುಕ್ರವಾರ ಕಮಿಟಿಯ ಅಧ್ಯಕ್ಷೆ ಡಾ. ಮಂದಾಕಿನಿ ರಾವ್ ಬಂದಿಳಿದಾಗ ನಕ್ಷೆ ಗುಲಾಬಿ ತೋಟವಾಗಿರಲಿಲ್ಲ. ಹಿಂದಿನ ಸಂಜೆಯೇ ಊರೂರಿಗೆ ಹೇಳಿಕಳಿಸಿ ಎಲ್ಲ ಮನೆಗಳಲ್ಲೂ ಹೊಸ ಬಿಲ್ಲೆ ಹಾಕಿಸಿದ್ದರು. ಅಲ್ಲಲ್ಲಿ ನೀಲಿ ಹನಿಗಳು, ಬೆಣಚಿಹಟ್ಟಿಯಲ್ಲಿ ನೀಲಿಯ ಮಡುವು. ಇನಾಮದಾರರು ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು.

"ಏನ್ರೀ ಇದು? ಕಳಿಸಿದ ವರದೀಲಿ ಒಂದೂ ನೀಲಿ ಇರ್ಲಿಲ್ವಲ್ಲ?" ಎಂದರು ಮಂದಾಕಿನಿ.

"ಆ ವರದಿ ತಪ್ಪು ಮೇಡಂ," ಎಂದಳು ನೀಲಾಂಬಿಕಾ. "ಬಿಲ್ಲೆ ಮಾಡೋವಾಗ ಮದ್ದು, ಶಾಖ, ಬಣ್ಣ ಎಲ್ಲಾದರ ಬಗ್ಗೆ ಯೋಚನೆ ಮಾಡಿದ್ದೆ. ನಮ್ಮ ಅಡುಗೆಮನಿಯೊಳಗ ಹೆಪ್ಪು ಎತ್ತಿಡ್ತಾರ ಅನ್ನೋದನ್ನ ಮರತಿದ್ದೆ. ನಾನೂ ದಿನಾ ಎತ್ತಿಡ್ತೀನಿ, ಆದ್ರೂ ಮರತಿದ್ದೆ."

ಮೇಜಿನ ಮೇಲೆ ಬೆಳಿಗ್ಗೆಯೇ ಬೆಚ್ಚಗೆ ಇಟ್ಟಿದ್ದ ಎರಡು ಬಟ್ಟಲಿದ್ದವು. ಎರಡಕ್ಕೂ ಚಂದ್ರಿಯ ಹಾಲು. ಒಂದರಲ್ಲಿ ಹೊಸ ಬಿಲ್ಲೆ, ಇನ್ನೊಂದರಲ್ಲಿ ಗಂಗವ್ವನ ಹೆಪ್ಪು. ಮಾತು ಮುಗಿಯುವಷ್ಟರಲ್ಲಿ ಗಂಗವ್ವನ ಬಟ್ಟಲು ಗುಲಾಬಿಯಾಯಿತು, ಇನ್ನೊಂದು ನೀಲಿಯಾಗೇ ಉಳಿಯಿತು.

"ಹಂಗಾದ್ರೆ ಇದು ಸೋತ ಹಾಗೇ ಅಲ್ವಾ?"

"ಒಂದ ಬಟ್ಟಲು ಇದ್ರ ಸೋಲು ಮೇಡಂ. ಎರಡೂ ಜೋಡಿ ಇಟ್ರ ಅಲ್ಲ. ಹೊಸಾ ಬಿಲ್ಲೆ ಇವತ್ತಿನ ಹಾಲಿನಾಗ ಏನದ ಅಂತ ಹೇಳ್ತದ. ಹಳೇ ಹೆಪ್ಪು ಆ ಊರು ಇಷ್ಟು ದಿನ ಏನು ಕುಡೀತು ಅಂತ ಹೇಳ್ತದ. ಈ ಹಳೇದರ ಬೆನ್ನು ಹತ್ತೇ ನಾವು ಬಾವಿ ತನಕ ಹೋಗಿದ್ದು."

ಮಂದಾಕಿನಿ ಎರಡು ಬಟ್ಟಲನ್ನೂ ತಿರುಗಿಸಿ ನೋಡಿದರು. "ಜನ ಮತ್ತೆ ಎತ್ತಿಟ್ರೆ?"

ಮೂಲೆಯ ಕುರ್ಚಿಯಿಂದ ಗಂಗವ್ವ ಎದ್ದಳು. "ಇಡೂದಿಲ್ಲ ಬಿಡ್ರಿ. ಓಣಿಗೆಲ್ಲಾ ಹೇಳೇನಿ. ಸೊಸಿ ಹಳಬಳು ಆದ್ಲಂದ್ರ ಮನಿ ಗುಟ್ಟು ಹೊರಗ ಹೇಳೂದಿಲ್ಲ. ಗುಟ್ಟು ಬೇಕಂದ್ರ ಹೊಸಾಕಿನ್ನ ಕೇಳ್ಬೇಕು, ಹೊಸಾಕಿ ತವರಿಂದನ ಬರ್ಬೇಕು. ಮೊಸರಿಗಿ ನಮ್ಮ ಹೆಪ್ಪು, ಪರೀಕ್ಷಾಕ್ಕ ಲ್ಯಾಬಿನ ತವರ ಬಿಲ್ಲಿ."

ಮಂದಾಕಿನಿ ಕನ್ನಡಕ ತೆಗೆದು ಗಂಗವ್ವನನ್ನು ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕುಬಿಟ್ಟರು. "ನಮ್ಮತ್ತೆ ಇದ್ದಿದ್ರೆ ನಿಮಗೆ ತಕ್ಕ ಜೋಡಿ ಆಗ್ತಿದ್ರು," ಎನ್ನುತ್ತ ಪೆನ್ನು ತೆಗೆದರು. "ರಾಜ್ಯಕ್ಕೆಲ್ಲ. ಆದ್ರೆ ಎರಡು ಬಟ್ಟಲಿನ ಲೆಕ್ಕದಲ್ಲಿ. ಇವರು ಹೇಳಿದ ಸಾಲೂ ಸೇರಿಸಿ ಬರೀರಿ, ಇನಾಮದಾರ್ರೇ."

ಸಂಜೆ ಚಹಾಕ್ಕೆಂದು ಮಂದಾಕಿನಿ ಗಂಗವ್ವನ ಮನೆಗೆ ಬಂದರು. ಜೋಳದ ರೊಟ್ಟಿ, ಬದನೆಕಾಯಿ, ಮಾತು, ಮತ್ತೆ ಮಾತು. ಹೊರಡುವಾಗ, "ನಾಲ್ಕು ಬಿಲ್ಲೆ ಕೊಡಿ, ನಮ್ಮನೆಯಲ್ಲೂ ಹಾಕಿ ನೋಡ್ತೀನಿ," ಎಂದರು. ನೀಲಾಂಬಿಕಾ ಬಿಸ್ಕಿಟ್ ಡಬ್ಬಿಗೆ ಕೈ ಹಾಕಿದಳು. ಗಂಗವ್ವ ಅದನ್ನು ಹಿಂದಕ್ಕೆಳೆದುಕೊಂಡಳು.

"ದೀಪ ಹಚ್ಚೇನಿ."

"ಅತ್ತಿ, ಇದು ಬಿಲ್ಲಿ!"

"ಒಳಗಿರೂದು ಹೆಪ್ಪ ಹೌದಲ್ಲೋ? ಮುಂಜಾನಿ ಕೊಡ್ತೀನಿ. ರಾತ್ರಿ ಇಲ್ಲೇ ಮಲಗ್ರಿ, ಹಾಸಿಗಿ ಐತಿ."

ರಾಜ್ಯದ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿ ಅವತ್ತು ತುಂಗಾಳ ಪಕ್ಕ, ಕಾಲುಚೀಲ ತೊಟ್ಟ ಗೊಂಬೆಯ ಜೊತೆ ಮಲಗಿದರು.

ಸೋಮವಾರ ಬೆಳಿಗ್ಗೆ ರಝಿಯಾ ಪರದೆಯ ಮುಂದೆ ಕೂತಿದ್ದಾಗ, ತಾಲ್ಲೂಕಿನ ಗಡಿಯಾಚೆ, ಕೆಳಗೆ ದೂರದ ಬೆಂಗಳೂರಿನಲ್ಲಿ ಒಂಟಿ ಚುಕ್ಕೆಯೊಂದು ಹತ್ತಿತು. ನೀಲಿ. ಬೆನ್ನಿಗೇ ನೀಲಾಂಬಿಕಾಳ ಫೋನು ಕುಣಿಯಿತು.

"ನೀಲಾಂಬಿಕಾ, ನಮ್ಮನೆ ಬಟ್ಟಲು ನೀಲಿಯಾಗೇ ಇದೆ ಕಣ್ರೀ," ಮಂದಾಕಿನಿಯವರ ದನಿ. "ಪ್ರಯಾಣದಲ್ಲಿ ಬಿಲ್ಲೆ ಕೆಟ್ಟಿರಬೇಕು ಅನ್ಸುತ್ತೆ. ಪಕ್ಕದ ಮನೆಯವರಿಗೂ ಒಂದು ಕೊಟ್ಟಿದ್ದೆ, ಅವರದು ಚೆನ್ನಾಗಿ ಗುಲಾಬಿ ಬಂದಿದೆ. ಅವರ ಬಟ್ಟಲಿಂದ ಒಂದೇ ಒಂದು ಚಮಚ ತಂದು ಹಾಕಿ ನೋಡ್ಲಾ?"

"ಬ್ಯಾಡ್ರಿ!" ನೀಲಾಂಬಿಕಾ ಕಿರುಚಿದ ಹೊಡೆತಕ್ಕೆ ಇನಾಮದಾರರ ಚಹಾ ಚೆಲ್ಲಿತು. "ಮೇಡಂ, ಹಾಲು ಬದಲಿ ಮಾಡ್ರಿ, ಹೆಪ್ಪು ಅಲ್ಲ!"

ಆ ಕಡೆ ಹೊಟ್ಟೆ ಹಿಡಿದು ನಗುವ ಸದ್ದು.

ರಝಿಯಾ ಯಾರನ್ನೂ ಕೇಳದೆ ಪೇಡೆ ತರಲು ಎದ್ದಳು.